ಮೊಲವೂ ಕಲ್ಲುಹೂವೂ
(ಗ್ರಾಮಸ್ಥರ ಕೂಟದಲ್ಲಿ ಮಾಡಿದ ಭಾಷಣ)



ಹೊಲದ ಬದುವಿನ ಮೊಲವನ್ನೂ ಮಾವಿನ ತೊಗಟೆಗೆ ಅಂಟಿದ ಕಲ್ಲುಹೂವನ್ನೂ ಜೊತೆಯಲ್ಲಿಟ್ಟು ನೋಡಿರೆಂದರೆ ತಾವು ನಗಬಹುದು. ಒಂದು ಓಡುವ ಪ್ರಾಣಿ, ಇನ್ನೊಂದು ಇದ್ದಲ್ಲೇ ಇರುವಂಥದು. ಆದರೂ ನಮ್ಮಲ್ಲಿ ಅನೇಕರು ಎರಡನ್ನೂ ಬೆಳೆಯ ಶತ್ರುಗಳೆಂದೇ ಎಣಿಸಿದ್ದಾರೆ. ಇದು ಸರಿಯೇ, ವಿಚಾರ ಮಾಡೋಣ.

ಮೊಲ ಬೆಳೆ ತಿನ್ನುವುದು ನಿಜ. ಎಳೆಯ ಚಿಗುರೆಂದರೆ ಅದಕ್ಕೆ ಹಬ್ಬ. ನಮ್ಮ ಸೀಮೆಯ ಕಾಡುಮೊಲದ ಹಿಂಗತ್ತಿನಲ್ಲಿ ಕಪ್ಪು ಮಚ್ಚೆಯಿರುತ್ತದೆ. ಅದು ಬಿಲ ತೋಡುವುದಿಲ್ಲ. ಹಗಲು ಹುಲ್ಲಿನ ಮರೆಯಲ್ಲಿ ಮಲಗಿದ್ದು ಕತ್ತಲಾದ ಮೇಲೆ ಮೇಯಲು ಹೊರಡುತ್ತದೆ. ಗರ್ಭ ಸುಮಾರು ಒಂದೂವರೆ ತಿಂಗಳು. ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದಿರುತ್ತವೆ, ಮೈಮೇಲೆ ಕೂದಲೂ ಇರುತ್ತದೆ.

ಕಲ್ಲುಹೂವಿನ ಸಂಗತಿಯೇ ಬೇರೆ. ನಾವು ಮಸಾಲೆಗೆ ಹಾಕುವ ಇದು ಹೂವಲ್ಲ, ಒಂದೇ ಗಿಡವೂ ಅಲ್ಲ. ಅಣಬೆಯ ಜಾತಿಯದೊಂದು, ಪಾಚಿಯ ಜಾತಿಯದೊಂದು ಸೇರಿ ಮಾಡಿದ ಪಾಲುಗಾರಿಕೆಯ ಸಂಸಾರ. ಅಣಬೆ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಪಾಚಿ ಬಿಸಿಲಿನಲ್ಲಿ ಅಡಿಗೆ ಮಾಡುತ್ತದೆ. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಶ್ವೆಂಡೆನರ್ ಎಂಬ ವಿಜ್ಞಾನಿ ಹೀಗೆಂದಾಗ ಎಷ್ಟೋ ಪಂಡಿತರೇ ಒಪ್ಪಲಿಲ್ಲ!

ಈ ಸಂಸಾರಕ್ಕೆ ಮರ ಬರಿಯ ಜಗಲಿ. ಮರದ ರಸವನ್ನು ಅದು ಹೀರುವುದಿಲ್ಲ. ಬರಿ ಬಂಡೆಯ ಮೇಲೂ ಬದುಕುತ್ತದಲ್ಲವೇ? ಸೊರಗಿದ ಕೊಂಬೆಯಲ್ಲಿ ಅದು ಹೆಚ್ಚಾಗಿ ಕಂಡರೆ, ಎಲೆ ಉದುರಿ ಬಿಸಿಲು ಬಿದ್ದುದೇ ಸಾಮಾನ್ಯವಾಗಿ ಕಾರಣ. ರೋಗವನ್ನು ಬೇರಿನಲ್ಲಿ, ಕಾಂಡದಲ್ಲಿ ಹುಡುಕಿರಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಿರಿ, ಸರಿ; ಕಲ್ಲುಹೂವಿಗಾಗಿ ಆ ಖರ್ಚು ದಂಡ. ವರ್ಷಕ್ಕೆ ಕೆಲವೇ ಮಿಲಿಮೀಟರು ಹರಡುವ ಜೀವ ಅದು. ಮೊಲದ ಸಂತತಿ ಒಂದೆರಡು ವರ್ಷದಲ್ಲಿ ತುಂಬಿಕೊಂಡೀತು. ಕತ್ತಿಯಿಂದ ಒಂದು ಗಳಿಗೆಯಲ್ಲಿ ಹೆರೆದ ಅಂಗೈಯಗಲದ ಕಲ್ಲುಹೂವು ಮತ್ತೆ ಬರಲು ಹತ್ತಾರು ವರ್ಷ ಬೇಕಾದೀತು.

ಹಾಗೆಂದು ಮೊಲಕ್ಕೆ ಉರುಲು ಒಡ್ಡಬೇಡಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ಅಪರಾಧ. ಸಸಿ ಎಳೆಯದಿರುವಾಗ ಸಣ್ಣ ಕಣ್ಣಿನ ಜಾಲರಿಯನ್ನು ಎರಡೂವರೆ ಅಡಿ ಎತ್ತರಕ್ಕೆ ಕಟ್ಟಿರಿ. ಬುಡದಲ್ಲಿ ಸಂದಿ ಬಿಡದೆ ಅಂಚನ್ನು ಮಣ್ಣಿನಲ್ಲಿ ಹೂಳಿರಿ. ಮನೆಯ ಮಸಾಲೆಗೆ ಕಲ್ಲುಹೂವು ಬೇಕೆಂದರೆ, ಮಳೆಗಾಳಿಗೆ ತೋಟದಲ್ಲಿ ಮುರಿದುಬಿದ್ದ ಕೊಂಬೆಗಳಿಂದ ಬಿಡಿಸಿಕೊಳ್ಳಿರಿ.