ಮನೆಯವರ ಸಿಟ್ಟು, ಮನೆಯ ಊಟ

(ಹೊರರೋಗಿ ವಿಭಾಗದಲ್ಲಿ ರೋಗಿಗಳಿಗೆ ಮತ್ತು ಅವರ ಜೊತೆ ಬಂದವರಿಗೆ ಆಸ್ಪತ್ರೆಯ ಶುಶ್ರೂಷಾ ಶಿಕ್ಷಕಿ ನೀಡಿದ ಆರೋಗ್ಯ ಉಪನ್ಯಾಸ)

 

ನಮ್ಮ ಕಡೆ ಇಬ್ಬರು ಎದುರಾದರೆ ಮೊದಲು ಕೇಳುವ ಮಾತು "ಊಟ ಆಯ್ತಾ?" ಎಂಬುದು. ರಾಜಾಜಿನಗರದ ಬಸ್ ಸ್ಟಾಪಿನಲ್ಲಾಗಲಿ, ಕೆಂಗೇರಿಯ ತರಕಾರಿ ಅಂಗಡಿಯ ಮುಂದಾಗಲಿ, ಕೇಳಿದವರು ಉತ್ತರಕ್ಕೆ ಕಾಯುವುದೂ ಇಲ್ಲ, ಮುಂದೆ ಹೋಗಿಬಿಡುತ್ತಾರೆ. ವಾರ್ಡಿನಲ್ಲಿ ಮಾತ್ರ ನಾವು ನರ್ಸುಗಳು ಅದನ್ನೇ ಕೇಳಿ ಉತ್ತರ ಬರುವ ತನಕ ನಿಲ್ಲುತ್ತೇವೆ. ಊಟ ಆಯಿತೇ, ಎಷ್ಟು ಹೊತ್ತಿಗೆ, ಏನು ಊಟ, ಮಾತ್ರೆ ಅದಕ್ಕೆ ಮೊದಲೋ ಆಮೇಲೋ? ಕೆಲವರಿಗೆ ಇದು ತಲೆಹರಟೆ ಅನ್ನಿಸುತ್ತದೆ. ನಾವು ಹೀಗೆ ಕೇಳುವುದು ಏಕೆ ಎಂಬುದನ್ನು ಇಂದು ನಮ್ಮ ಮನೆಯ ಪ್ರಸಂಗದಿಂದಲೇ ಹೇಳುತ್ತೇನೆ.

ನಮ್ಮ ತಂದೆಯವರು ಮಾಗಡಿ ರಸ್ತೆಯ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಒಂದು ಮಾತ್ರೆ, ತಿಂಡಿಗೆ ಸ್ವಲ್ಪ ಮುಂಚೆ ಎಂದು ಬರೆದುಕೊಟ್ಟಿದ್ದರು. ಅಪ್ಪ ಎದ್ದ ಕೂಡಲೇ ಮಾತ್ರೆ ನುಂಗುತ್ತಿದ್ದರು. ಆಮೇಲೆ ಸ್ನಾನ, ಪೂಜೆ, ಪೇಪರು. ಭಾನುವಾರ ಬಂದರೆ ತಿಂಡಿ ಹನ್ನೊಂದು ಗಂಟೆಗೆ. ಅಷ್ಟು ಹೊತ್ತಿಗೆ ಅವರ ಎದುರು ಯಾರೂ ನಿಲ್ಲುವ ಹಾಗಿರಲಿಲ್ಲ. ಒಂದು ದಿನ ಉಪ್ಪು ಕಮ್ಮಿ ಎಂದು ಚಿತ್ರಾನ್ನದ ತಟ್ಟೆಯನ್ನೇ ತಳ್ಳಿಬಿಟ್ಟರು. ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು. ವಯಸ್ಸಾದ ಹಾಗೆ ಇವರಿಗೆ ಸಿಟ್ಟು ಜಾಸ್ತಿಯಾಯಿತು ಎಂದು ನೆಂಟರೂ ಹೇಳುತ್ತಿದ್ದರು.

ಆಗ ನಾನು ನರ್ಸಿಂಗ್ ಎರಡನೇ ವರ್ಷದಲ್ಲಿದ್ದೆ. ಮುಂದಿನ ಭಾನುವಾರ ಅಪ್ಪ ಹಾಗೆಯೇ ಕೂಗಾಡುತ್ತಿದ್ದಾಗ ಅವರ ಹಣೆ ನೋಡಿದೆ. ಫ್ಯಾನಿನ ಕೆಳಗೆ ಕುಳಿತಿದ್ದರೂ ಬೆವರು ಇಳಿಯುತ್ತಿತ್ತು. ಪೇಪರು ಹಿಡಿದ ಕೈ ನಡುಗುತ್ತಿತ್ತು. ಗ್ಲೂಕೋಮೀಟರಿನಲ್ಲಿ ನೋಡಿದರೆ ಸಕ್ಕರೆ 54. ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿದೆ. ಕಾಲು ಗಂಟೆಯೊಳಗೆ ಆ ಮನುಷ್ಯ "ಏನಮ್ಮ, ತಿಂಡಿ ಏನು ಇವತ್ತು?" ಎಂದು ಮೆಲ್ಲಗೆ ಕೇಳಿದರು. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮ ಹೇಳಿದ ಮಾತು ನನಗೆ ಇನ್ನೂ ನೆನಪಿದೆ: "ಹಂಗಾದ್ರೆ ಎರಡು ವರ್ಷ ನಾನು ಜಗಳ ಆಡಿದ್ದು ಮಾತ್ರೆ ಜೊತೆಗಾ?"

ಆದದ್ದು ಇಷ್ಟೆ. ನಾವು ತಿಂದ ಅನ್ನ, ಮುದ್ದೆ, ಚಪಾತಿ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಮೇದೋಜೀರಕ ಗ್ರಂಥಿಯಿಂದ ಬರುವ ಇನ್ಸುಲಿನ್ ಎಂಬ ಹಾರ್ಮೋನು ಅದನ್ನು ಜೀವಕೋಶಗಳ ಒಳಗೆ ಕಳಿಸುತ್ತದೆ. ಮಿದುಳು ದೇಹದ ತೂಕದಲ್ಲಿ ನೂರಕ್ಕೆ 2 ಪಾಲು ಮಾತ್ರ. ಆದರೆ ಸುಮ್ಮನೆ ಕುಳಿತಿದ್ದರೂ ದೇಹದ ಶಕ್ತಿಯಲ್ಲಿ ಸುಮಾರು 20 ಪಾಲು ಅದಕ್ಕೇ ಬೇಕು. ಹೊಟ್ಟೆಗೆ ಏನೂ ಹಾಕದೆ ಇನ್ಸುಲಿನ್ ಹೆಚ್ಚಿಸುವ ಮಾತ್ರೆ ನುಂಗಿದರೆ ಇರುವ ಸಕ್ಕರೆಯೂ ಇಳಿಯುತ್ತದೆ. ಆಗ ದೇಹ ಅಡ್ರಿನಲಿನ್ ಸುರಿಸುತ್ತದೆ. ನಾಯಿ ಅಟ್ಟಿಸಿಕೊಂಡು ಬಂದಾಗ ಬರುವುದೂ ಇದೇ ಹಾರ್ಮೋನು. ಎದೆ ಡವಗುಟ್ಟುವುದು, ಬೆವರು, ನಡುಕ, ಹಸಿವು, ಕಾರಣವಿಲ್ಲದ ಭಯ ಅಥವಾ ಸಿಟ್ಟು ಇವೆಲ್ಲ ಅದರದೇ ಕೆಲಸ. ಇನ್ನೂ ಇಳಿದರೆ ಮಾತು ತೊದಲುತ್ತದೆ, ಕುಡಿದವರ ಹಾಗೆ ನಡೆಯುತ್ತಾರೆ, ಪ್ರಜ್ಞೆಯೂ ತಪ್ಪಬಹುದು.

ಸಕ್ಕರೆ 70ಕ್ಕಿಂತ ಕೆಳಗೆ ಇಳಿದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿನಲ್ಲಿ ಕೊಡಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ತಿಂಡಿಯನ್ನೋ ಊಟವನ್ನೋ ಮಾಡಿಸಿ. ಮೀಟರು ಮನೆಯಲ್ಲಿಲ್ಲದಿದ್ದರೆ ಲಕ್ಷಣ ನೋಡಿಯೇ ಕೊಡಿ, ಕಾಯಬೇಡಿ. ಚಾಕೊಲೇಟು, ಕ್ರೀಮ್ ಬಿಸ್ಕತ್ತು ಆ ಹೊತ್ತಿಗೆ ಆಗುವುದಿಲ್ಲ, ಅದರಲ್ಲಿರುವ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ಅವರನ್ನು ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಎಲ್ಲ ಮಾತ್ರೆಯೂ ಹೀಗೆ ಮಾಡುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆ ಅಥವಾ ಇನ್ಸುಲಿನ್ ಇಂಜೆಕ್ಷನ್ ಇದ್ದರೆ ಎಚ್ಚರ ಬೇಕು. ಮುಖ್ಯವಾಗಿ ಉಪವಾಸದ ದಿನ. ಶಿವರಾತ್ರಿಗೆ, ಶ್ರಾವಣ ಸೋಮವಾರಕ್ಕೆ ಊಟ ಬಿಟ್ಟು ಮಾತ್ರೆ ಮಾತ್ರ ತಪ್ಪಿಸದೆ ನುಂಗುವ ತಾಯಂದಿರು ಇದ್ದಾರೆ. ಮಾತ್ರೆಯನ್ನೂ ಬಿಟ್ಟು ಸಂಜೆ ಸಬ್ಬಕ್ಕಿ ಪಾಯಸ, ನಾಲ್ಕು ಬಾಳೆಹಣ್ಣು ತಿಂದು 350ಕ್ಕೆ ಏರಿಸಿಕೊಂಡು ಬರುವವರೂ ಇದ್ದಾರೆ. ಸಬ್ಬಕ್ಕಿ ಎಂದರೆ ಬರೀ ಪಿಷ್ಟ. ಉಪವಾಸ ಮಾಡಬೇಡಿ ಎಂದು ನಾನು ಹೇಳುವುದಿಲ್ಲ, ಅದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಒಂದು ವಾರ ಮೊದಲು ಡಾಕ್ಟರರಿಗೆ ತಿಳಿಸಿ, ಆ ದಿನದ ಮಾತ್ರೆ ಎಷ್ಟು ಎಂದು ಬರೆಸಿಕೊಳ್ಳಿ.

ಇನ್ನು ರಾಗಿ. ಈ ಹಾಲಿನಲ್ಲಿ ನನಗೆ ಅತಿ ಹೆಚ್ಚು ಕೇಳಿಬರುವ ಮಾತು "ಅನ್ನ ಬಿಟ್ಟಿದ್ದೀನಿ ಸಿಸ್ಟರ್, ಬರೀ ಮುದ್ದೆ" ಎಂಬುದು. ಮುದ್ದೆ ಎಷ್ಟು ದೊಡ್ಡದು ಎಂದು ಕೇಳಿದರೆ ಎರಡೂ ಕೈ ಸೇರಿಸಿ ತೋರಿಸುತ್ತಾರೆ! ರಾಗಿಯ ಮೇಲೆ ನನಗೂ ಅಭಿಮಾನವಿದೆ. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಗೆ ಆಫ್ರಿಕಾದ ರಾಗಿಯನ್ನು ಸೇರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಎಷ್ಟೋ ಮನೆಗಳ ಕಣಜ ತುಂಬಿತು. ಆದರೆ ಲೆಕ್ಕ ಲೆಕ್ಕವೇ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವಿದೆ. ಅಕ್ಕಿಯಲ್ಲಿ 78. ವ್ಯತ್ಯಾಸ ಅಷ್ಟೇ. ರಾಗಿ ಗೆಲ್ಲುವುದು ನಾರಿನಲ್ಲಿ ಮತ್ತು ಸುಣ್ಣದಂಶದಲ್ಲಿ. ನಾರು 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಸುಣ್ಣ ಸುಮಾರು 360 ಮಿಲಿಗ್ರಾಂ, ಅಕ್ಕಿಯಲ್ಲಿ ಹತ್ತು ಮಿಲಿಗ್ರಾಂ ಕೂಡ ಇಲ್ಲ. ಹಾಗಾಗಿ ಅನ್ನದ ಬದಲು ಒಂದು ಸಣ್ಣ ಮುದ್ದೆ, ಜೊತೆಗೆ ಬಸ್ಸಾರು, ಸೊಪ್ಪು, ಹುರುಳಿ ಅಥವಾ ಅವರೆಕಾಳು ಇದ್ದರೆ ಒಳ್ಳೆಯ ಊಟ. ಮುದ್ದೆಯ ಮೇಲೆ ಮತ್ತೆ ಅನ್ನ ಬಡಿಸಿಕೊಂಡರೆ ಏನೂ ಉಳಿಯಲಿಲ್ಲ. ನಯವಾದ ಹಿಟ್ಟನ್ನು ತೆಳ್ಳಗೆ ಕುದಿಸಿ ಬೆಲ್ಲ ಹಾಕಿದ ರಾಗಿ ಮಾಲ್ಟು ಮುದ್ದೆಗಿಂತ ಬೇಗ ರಕ್ತಕ್ಕೆ ಏರುತ್ತದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಸಾರಿದ ಮೇಲೆ ಅಂಗಡಿಗಳಲ್ಲಿ ರಾಗಿ ಬಿಸ್ಕತ್ತೂ ತುಂಬಿವೆ. ಪೊಟ್ಟಣದ ಹಿಂಭಾಗ ಓದಿ. ಎಷ್ಟೋ ಪೊಟ್ಟಣಗಳಲ್ಲಿ ಮೈದಾ ಮತ್ತು ಸಕ್ಕರೆಯ ಹೆಸರು ರಾಗಿಗಿಂತ ಮೊದಲು ಇರುತ್ತದೆ.

ಖರ್ಚಿಲ್ಲದ ಒಂದು ಉಪಾಯ ನಮ್ಮ ಎಲೆ ಊಟದಲ್ಲೇ ಇದೆ. ಮೊದಲು ಕೋಸಂಬರಿ, ಪಲ್ಯ ಬಡಿಸಿ ಆಮೇಲೆ ಅನ್ನ ಬಡಿಸುತ್ತಾರಲ್ಲ, ಅದೇ ಕ್ರಮದಲ್ಲಿ ತಿನ್ನಿ. ತರಕಾರಿ, ಕಾಳು ಮೊದಲು ಹೊಟ್ಟೆಗೆ ಹೋದರೆ ನಂತರದ ಅನ್ನದ ಸಕ್ಕರೆ ನಿಧಾನವಾಗಿ ಏರುತ್ತದೆ. ಬೆಳಿಗ್ಗೆ ಬರೀ ಬ್ರೆಡ್ಡು, ಸಿಹಿ ಕಾಫಿ ತೆಗೆದುಕೊಂಡವರಿಗೆ ಹನ್ನೊಂದಕ್ಕೇ ಹಸಿವು, ಜೋಂಪು, ಕಿರಿಕಿರಿ ಬರುವುದಕ್ಕೂ ಇದರ ಸಂಬಂಧವಿದೆ. ಸಕ್ಕರೆ ಸರ್ರನೆ ಏರಿ ಅಷ್ಟೇ ಬೇಗ ಇಳಿಯುತ್ತದೆ.

ಥೈರಾಯಿಡ್ ಮಾತ್ರೆಯವರಿಗೆ ಎರಡೇ ಮಾತು. ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ. ಕನಿಷ್ಠ ಅರ್ಧ ಗಂಟೆ, ಆದರೆ ಒಂದು ಗಂಟೆ, ಕಾಫಿ ತಿಂಡಿ ಬೇಡ. ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆಗೆ ನಾಲ್ಕು ಗಂಟೆ ಅಂತರವಿರಲಿ. ಕಾಫಿಯ ಜೊತೆ ನುಂಗಿದ ಮಾತ್ರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಸುಸ್ತು, ಬೇಸರ, ಅಳು ಹಾಗೆಯೇ ಉಳಿಯುತ್ತದೆ, ಸೊಸೆ ಸೋಮಾರಿ ಎಂಬ ಹೆಸರೂ ಬರುತ್ತದೆ. ಎಲೆಕೋಸಿಗೆ ಹೆದರಬೇಡಿ. ಬೇಯಿಸಿ ಮಿತವಾಗಿ ತಿಂದು ಅಯೋಡಿನ್ ಉಪ್ಪು ಬಳಸಿದರೆ ಸಾಕು.

ಸಸ್ಯಾಹಾರಿ ಮನೆಗಳವರು ಇದನ್ನು ಗಮನವಿಟ್ಟು ಕೇಳಿ. ಬಿ12 ಎಂಬ ಜೀವಸತ್ವ ಸೊಪ್ಪು, ಕಾಳು, ತರಕಾರಿಯಲ್ಲಿ ಇರುವುದಿಲ್ಲ. ನಮಗೆ ಅದು ಸಿಗುವುದು ಹಾಲು, ಮೊಸರಿನಿಂದ. ಹಿರಿಯರು ಕಫ ಎಂದು ಮೊಸರು ಬಿಟ್ಟು, ಹಾಲನ್ನು ಮೊಮ್ಮಕ್ಕಳಿಗೆ ಉಳಿಸಿ, ತಾವು ಸಾರು ಅನ್ನದಲ್ಲಿ ಕಳೆಯುತ್ತಾರೆ. ಮೇಲೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡರೆ ಇರುವ ಬಿ12 ಕೂಡ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಕಾಲು ಜೋಮು, ನಾಲಿಗೆ ಉರಿ, ಮರೆವು, ಮಂಕು, ಯಾರ ಜೊತೆಯೂ ಮಾತು ಬೇಡ ಎನ್ನುವುದು ಇದರ ಲಕ್ಷಣಗಳು. ವಯಸ್ಸಾಯಿತು ಬಿಡಿ ಎಂದು ಮೂಲೆಗೆ ಕೂರಿಸುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಕೊರತೆ ಇದ್ದರೆ ಮಾತ್ರೆ ಅಥವಾ ಇಂಜೆಕ್ಷನ್ ಇದೆ. ತಡವಾದರೆ ನರಕ್ಕೆ ಆದ ಹಾನಿ ಪೂರ್ತಿ ವಾಸಿಯಾಗದೇ ಹೋಗಬಹುದು. ಮೆಟ್‌ಫಾರ್ಮಿನ್ ಅನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಬಾಳೆಹಣ್ಣು ತಿಂದರೆ ಮನಸ್ಸು ಖುಷಿಯಾಗುತ್ತದೆ ಎಂದು ಟಿ.ವಿ.ಯಲ್ಲಿ ಹೇಳುವುದನ್ನು ಕೇಳಿರುತ್ತೀರಿ. ಅದರಲ್ಲಿ ಸಿರೊಟೋನಿನ್ ಇರುವುದು ನಿಜ, ಆದರೆ ತಿಂದ ಸಿರೊಟೋನಿನ್ ಮಿದುಳಿಗೆ ದಾಟುವುದಿಲ್ಲ. ಹೊತ್ತಿಗೆ ಸರಿಯಾದ ಊಟ ಮನಸ್ಸಿಗೆ ಆಸರೆ ಕೊಡುತ್ತದೆ, ಖಿನ್ನತೆಗೆ ಅದೊಂದೇ ಔಷಧ ಆಗುವುದಿಲ್ಲ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ ಇಲ್ಲ, ಬದುಕೇ ಬೇಡ ಅನ್ನಿಸುತ್ತದೆ ಎಂದರೆ ಪಥ್ಯ ಬದಲಾಯಿಸುತ್ತಾ ಕೂರಬೇಡಿ. ಡಾಕ್ಟರರ ಹತ್ತಿರ ಹೇಳಿ. 14416 ಸಂಖ್ಯೆಯ ಟೆಲಿ ಮನಸ್ ಸಹಾಯವಾಣಿಗೆ ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಜೊತೆಗೆ ಬಂದವರಿಗೂ ಎರಡು ಮಾತು. ನೀವು ರಾತ್ರಿ ವಾರ್ಡಿನ ನೆಲದಲ್ಲಿ ಮಲಗಿ, ಬೆಳಿಗ್ಗೆಯಿಂದ ಕಾಫಿ, ಬನ್ನಿನಲ್ಲಿ ದಿನ ತಳ್ಳುತ್ತೀರಿ. ನಿದ್ದೆಗೆಟ್ಟರೆ ಹಸಿವಿನ ಹಾರ್ಮೋನು ಏರುತ್ತದೆ. ಖಾಲಿ ಹೊಟ್ಟೆಗೆ ನಾಲ್ಕು ಕಾಫಿ ಬಿದ್ದರೆ ಎದೆ ಹೊಡೆದುಕೊಳ್ಳುತ್ತದೆ, ಸಂಜೆ ಕುಡಿದದ್ದು ರಾತ್ರಿಯ ನಿದ್ದೆಯನ್ನೂ ಕೆಡಿಸುತ್ತದೆ. ಆಮೇಲೆ ನಮ್ಮ ಸಿಸ್ಟರ್ ಮೇಲೋ, ಮಲಗಿರುವ ಅತ್ತೆಯವರ ಮೇಲೋ ರೇಗುತ್ತೀರಿ. ಮೊದಲು ನೀವು ಊಟ ಮಾಡಿ ಬನ್ನಿ, ರೋಗಿಯನ್ನು ನಾವು ನೋಡಿಕೊಳ್ಳುತ್ತೇವೆ. ಹಾಗೆಯೇ ರೋಗಿಗೆಂದು ಎಳನೀರು ತಂದರೆ ಕೊಡುವ ಮೊದಲು ನಮ್ಮನ್ನು ಕೇಳಿ. ಕಿಡ್ನಿ ತೊಂದರೆ ಇರುವವರಿಗೆ ಅದರಲ್ಲಿರುವ ಪೊಟ್ಯಾಷಿಯಂ ಹೃದಯದ ಬಡಿತವನ್ನೇ ಏರುಪೇರು ಮಾಡಬಹುದು.

ಈಗ ಎಲ್ಲರೂ ನಿಮ್ಮ ಔಷಧಿ ಚೀಟಿ ತೆಗೆಯಿರಿ. ಯಾವ ಮಾತ್ರೆ ಊಟಕ್ಕೆ ಮುಂಚೆ, ಯಾವುದು ಆಮೇಲೆ ಎಂದು ನಾನು ಮತ್ತು ವಿದ್ಯಾರ್ಥಿನಿಯರು ಒಬ್ಬೊಬ್ಬರ ಹತ್ತಿರ ಬಂದು ಚೀಟಿಯ ಮೇಲೆ ಸೂರ್ಯ, ಚಂದ್ರ, ತಟ್ಟೆಯ ಚಿತ್ರ ಬರೆದು ಕೊಡುತ್ತೇವೆ. ಓದಲು ಬಾರದ ಹಿರಿಯರು ಮುಂದಿನ ಸಾಲಿಗೆ ಬನ್ನಿ. ಬೆಳಿಗ್ಗೆ ಮಾತ್ರೆ ನುಂಗಿ ಇನ್ನೂ ತಿಂಡಿ ಆಗದವರು ಯಾರಾದರೂ ಇದ್ದರೆ ಈಗಲೇ ಕೈ ಎತ್ತಿ.