ಕಣ್ಣಿಗೊಂದು ಸಂದೇಶ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಮಂಡ್ಯ ಸಕ್ಕರೆಯ ನಾಡು. ಈಗ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಎಲ್ಲಿಗೆ ಹೋದರೂ ಸಕ್ಕರೆ ಕಾಯಿಲೆಯದೇ ಮಾತು. ಈ ಕಾಯಿಲೆ ಕಣ್ಣಿನ ಹಿಂಬದಿಯ ಪರದೆಯ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ. ಮೊದಮೊದಲು ನೋವಿಲ್ಲ, ಮಂಜಿಲ್ಲ. "ನಂಗೆ ಚೆನ್ನಾಗೇ ಕಾಣ್ತದೆ, ಡಾಕ್ಟ್ರ ಹತ್ರ ಯಾಕೆ?" ಅನ್ನುವುದೇ ಅಪಾಯ. ಹೋದ ದೃಷ್ಟಿ ಪೂರ್ತಿ ಮರಳುವುದು ಕಷ್ಟ. ಬೇಗ ಗೊತ್ತಾದರೆ ಲೇಸರ್, ಇಂಜೆಕ್ಷನ್‌ಗಳಿಂದ ಉಳಿಸಿಕೊಳ್ಳಬಹುದು.

ಇದನ್ನು ನೆನಪಿಸಲು ಮೊಬೈಲ್ ಒಳ್ಳೆಯ ಸಾಧನ. 2016ರಲ್ಲಿ ಕೇಂದ್ರ ಸರ್ಕಾರ 'ಎಂ-ಡಯಾಬಿಟಿಸ್' ಆರಂಭಿಸಿತು. ಮಿಸ್ಡ್ ಕಾಲ್ ಕೊಟ್ಟವರ ಫೋನಿಗೆ ಸಕ್ಕರೆ ಕಾಯಿಲೆಯ ತಿಳಿವಳಿಕೆ ಸಂದೇಶ ಕಳಿಸುವ ಏರ್ಪಾಡು ಅದು. ಆದರೆ ನಮ್ಮ ಎಷ್ಟೋ ಮನೆಗಳಲ್ಲಿ ಫೋನು ಮಗನ ಜೇಬಿನಲ್ಲಿ, ಕಾಯಿಲೆ ಅವ್ವನ ಮೈಯಲ್ಲಿ. ಓದಿ ಹೇಳುವವರಿಲ್ಲದಿದ್ದರೆ ಸಂದೇಶ ಬಂದೂ ಬಾರದಂತೆ.

ಆದ್ದರಿಂದ ಸಂಘಕ್ಕೆ ನನ್ನದೊಂದು ಕೋರಿಕೆ. ತಿಂಗಳಿಗೊಮ್ಮೆ ಸದಸ್ಯರ ಫೋನಿಗೆ ಕನ್ನಡದಲ್ಲಿ, ಧ್ವನಿಯಲ್ಲೇ ಕಳಿಸೋಣ: "ಸಕ್ಕರೆ, ಬಿ.ಪಿ. ಹತೋಟಿಯಲ್ಲಿಡಿ. ವರ್ಷಕ್ಕೊಮ್ಮೆ ಹನಿ ಹಾಕಿಸಿ ಕಣ್ಣಿನ ಹಿಂಪರದೆ ತೋರಿಸಿ." ಹಾಲು ಹಾಕಲು ಬಂದವರಿಗೂ ಅದನ್ನು ಕೇಳಿಸೋಣ. ಕನ್ನಡಕದ ಪರೀಕ್ಷೆಯೊಂದೇ ಸಾಲದು. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆಗಳೂ ಇವೆ. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗುತ್ತದೆ; ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ, ಗಾಡಿ ಓಡಿಸಬೇಡಿ.

ದಿನಕ್ಕೆರಡು ಹೊತ್ತು ಹಾಲಿನ ಡಿಗ್ರಿ, ಫ್ಯಾಟು ನೋಡಿಸುವ ನಾವು ವರ್ಷಕ್ಕೊಂದು ಸಲ ಕಣ್ಣು ತೋರಿಸಲಾರೆವೇ?

ಸಂಘ ಇನ್ನೂ ಬೆಳೆಯಲಿ.