ನಿಲ್ಲುವುದರ ಬೆಲೆ



ವಾಹನ ಕೊಳ್ಳುವವರು ಅದು ಎಷ್ಟು ಓಡುತ್ತದೆಂದು ವಿಚಾರಿಸುತ್ತಾರೆಯೇ ಹೊರತು ಹೇಗೆ ನಿಲ್ಲುತ್ತದೆಂದು ಕೇಳುವವರು ವಿರಳ. 12 ವರ್ಷ ಹಳೆಯದಾದ ನನ್ನ ಸಣ್ಣ ಕಾರು ಈಚೆಗೆ ಆ ಪ್ರಶ್ನೆಯನ್ನು ತಾನೇ ಎತ್ತಿತು. ಬ್ರೇಕು ತುಳಿದಾಗಲೆಲ್ಲ ಕಿರ್ರೆಂಬ ಕೀರಲು ದನಿ. ಪ್ಯಾಡು ಸವೆದುದನ್ನು ತಿಳಿಸಲೆಂದೇ ಅಳವಡಿಸಿದ ಪುಟ್ಟ ಲೋಹದ ಪಟ್ಟಿಯ ಕೂಗು ಅದು. ಮುಂದಿನ ಚಕ್ರಗಳ ಡಿಸ್ಕ್, ಪ್ಯಾಡು, ಕ್ಯಾಲಿಪರುಗಳೆಲ್ಲವನ್ನೂ ಬದಲಿಸತಕ್ಕದ್ದೆಂದು ಗ್ಯಾರೇಜಿನವರು ಬರೆದುಕೊಟ್ಟ ಪಟ್ಟಿಯ ಮೊತ್ತ, ಪಿಂಚಣಿಯಲ್ಲಿ ಬದುಕುವ ನನ್ನ ತಿಂಗಳ ಲೆಕ್ಕವನ್ನೇ ತಲೆಕೆಳಗು ಮಾಡುವಂತಿತ್ತು. ಹಾಗೆಂದು ಮುಂದೂಡುವಂತಿಲ್ಲ; ಚಾರ್ಮಾಡಿ ಘಟ್ಟವನ್ನಿಳಿದು ಮಗಳ ಮನೆಗೆ ಹೋಗುವವನು ನಾನು.

ಬ್ರೇಕು ಮಾಡುವ ಕೆಲಸ ಒಂದೇ: ಚಲನೆಯನ್ನು ಶಾಖವಾಗಿಸುವುದು. ವೇಗ ಇಮ್ಮಡಿಯಾದರೆ ಶಾಖ ನಾಲ್ಮಡಿ. ಆ ಶಾಖವನ್ನು ಹೊತ್ತು ಗಾಳಿಗೆ ಬಿಡುವ ಪಾತ್ರೆಯೇ ಎರಕದ ಕಬ್ಬಿಣದ ಡಿಸ್ಕ್. ಪಾತ್ರೆ ತೆಳುವಾದಷ್ಟೂ ಬೇಗ ಕಾಯುತ್ತದೆ; ಆದಕಾರಣವೇ ಕನಿಷ್ಠ ದಪ್ಪ ಇಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಕಣ್ಣಂದಾಜು ಇಲ್ಲಿ ಸಲ್ಲದು. ಮೈಕ್ರೋಮೀಟರಿನಿಂದ ಅಳೆಸಿದೆ. ಬಲಗಡೆಯದು ಪರವಾಗಿಲ್ಲ, ಎಡಗಡೆಯದು ಮಿತಿಯ ಅಂಚಿಗೆ ಬಂದಿತ್ತು. ಎರಡೂ ದಪ್ಪವಿದ್ದಿದ್ದರೆ ಲೇತಿನಲ್ಲಿ ತೆಳ್ಳಗೆ ಹೆರೆಸಿ ಉಳಿಸಿಕೊಳ್ಳಬಹುದಿತ್ತು. ಒಂದನ್ನೇ ಬದಲಿಸಿದರೆ ಗಾಡಿ ಒಂದು ಕಡೆಗೆ ಎಳೆಯುವ ಭಯ. ಜೋಡೆತ್ತಿನ ನ್ಯಾಯ ಇಲ್ಲಿಯೂ ಉಂಟು.

ಎಡಗಡೆಯದೇ ಏಕೆ ಹೆಚ್ಚು ಸವೆಯಿತು? ಉಳಿತಾಯದ ದಾರಿ ತೆರೆದದ್ದು ಈ ಪ್ರಶ್ನೆಯಿಂದ. ಬಿಚ್ಚಿ ನೋಡಿದಾಗ ಕ್ಯಾಲಿಪರು ಜಾರಬೇಕಾದ ಕಡ್ಡಿ ತುಕ್ಕಿನಿಂದ ಬಿಗಿದುಕೊಂಡಿತ್ತು. ಪಿಸ್ಟನ್ನು ಸರಾಗವಾಗಿ ಚಲಿಸುತ್ತಿತ್ತು, ಸೋರಿಕೆಯಿರಲಿಲ್ಲ. ಕಡ್ಡಿಯನ್ನು ಉಜ್ಜಿ, ಅದಕ್ಕೆಂದೇ ಇರುವ ಗ್ರೀಸು ಸವರಿ, ಹರಿದ ರಬ್ಬರು ಟೊಪ್ಪಿಗೆ ಬದಲಿಸಿದರೆ ಸಾಕಾಯಿತು. ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿಯಾಗಿದ್ದ ಬಾಬು ಹೀಗೆ ಅಳಿಸಿಹೋಯಿತು.

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ತೂತು ಕೊರೆದ, ಗೀರು ತೆಗೆದ ಅಲಂಕಾರದ ಡಿಸ್ಕುಗಳನ್ನೂ ತೋರಿಸಿದರು. ಪೇಟೆಯಲ್ಲಿ ತರಕಾರಿ ತರುವ ಕಾರಿಗೆ ಪಂದ್ಯದ ಕುದುರೆಯ ಜೀನು! ಸಾದಾ ಡಿಸ್ಕನ್ನೇ ಕೊಂಡೆ. ಪ್ಯಾಡಿನಲ್ಲಿ ಮಾತ್ರ ಕೈ ಬಿಗಿಹಿಡಿಯಲಿಲ್ಲ. ತಯಾರಕರ ಹೆಸರಿಲ್ಲದ ಅಗ್ಗದ ಪ್ಯಾಡು ಕಾದಾಗ ಹಿಡಿತ ಬಿಟ್ಟರೆ, ಘಟ್ಟದ ತಿರುವಿನಲ್ಲಿ ಉಳಿಸಿದ ಹಣದಿಂದ ಏನನ್ನು ಕೊಳ್ಳೋಣ? ಬಿಡಿಭಾಗದ ಸಂಖ್ಯೆಯನ್ನು ತಾಳೆ ನೋಡಿ ರಸೀದಿ ಪಡೆದೆ. ಬ್ರೇಕಿನ ಎಣ್ಣೆಯನ್ನೂ ಬದಲಿಸಿದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯದಕ್ಕೆ ಹೊಸದರಲ್ಲಿ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕೆಂಬುದು ನಿಯಮ. ತೇವ ಕುಡಿದ ಮೇಲೆ ಅದು 140ಕ್ಕೆ ಇಳಿಯಬಹುದು.

ಹಳೆಯ ಪ್ಯಾಡಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಹಿಂದೆ ಅದರಲ್ಲಿ ಕಲ್ನಾರು ಬೆರೆಸುತ್ತಿದ್ದರು. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಬಳಿದ ಎಣ್ಣೆಯನ್ನು ಪೂರ್ತಿ ತೊಳೆದು ಜೋಡಿಸಬೇಕು. ಬಳಿಕ ಬರಿದಾದ ರಸ್ತೆಯಲ್ಲಿ ಸಾಧಾರಣ ವೇಗದಿಂದ ಹಲವು ಸಲ ಮೆಲ್ಲಗೆ ತಗ್ಗಿಸುತ್ತ, ನಡುನಡುವೆ ಆರಲು ಬಿಡುತ್ತ, ಎರಡನ್ನೂ ಪಳಗಿಸಬೇಕು. ಅದಾದ ಮೇಲೆಯೇ ಘಟ್ಟ. ಅಲ್ಲಿಯೂ ಎರಡನೆಯ ಗೇರಿನಲ್ಲಿ.